ಚೌತಿಯವರೆಗೆ ಸಾಕಾಗುವಷ್ಟು

ಶಿರಸಿಯಿಂದ ಯಲ್ಲಾಪುರದ ಕಡೆಗೆ ಹೊರಟ ಬಸ್ಸು ಪೇಟೆಯ ಗದ್ದಲ ದಾಟಿ ನಾಲ್ಕು ತಿರುವು ಹೊರಳಿತೆಂದರೆ ಸಾಕು, ರಸ್ತೆಯ ಎರಡೂ ಬದಿ ಹಸಿರು ಬಂದು ನಿಲ್ಲುತ್ತದೆ. ಸೊಪ್ಪಿನ ಬೆಟ್ಟ, ಬೆಟ್ಟದಿಂದ ಇಳಿಜಾರು, ಇಳಿಜಾರಿನ ಕೊನೆಗೆ ಕಣಿವೆಯಲ್ಲಿ ಅಡಿಕೆ ತೋಟ, ತೋಟದ ತಲೆಗೆ ಹೆಂಚಿನ ಮನೆ. ಹೀಗೆ ಸುಮಾರು ಹನ್ನೆರಡು ಕಿಲೋಮೀಟರ್ ಸಾಗಿದರೆ ಭೈರುಂಬೆ. ಶಾಲೆ, ಸಹಕಾರಿ ಸಂಘ, ಕೆಲವು ಅಂಗಡಿ, ಕೊಡೆ ಹಿಡಿದು ಬಸ್ಸು ಕಾಯುವ ನಾಲ್ಕು ಜನ. ರಸ್ತೆಯಿಂದ ಕಾಣುವುದು ಇಷ್ಟೇ. ನಿಜವಾದ ಊರಿರುವುದು ಒಳಗೆ, ಕೆಂಪು ಮಣ್ಣಿನ ದಾರಿಗಳು ಇಳಿದುಹೋಗುವ ಕೇರಿಗಳಲ್ಲಿ.

ಹೊರಗಿನವರಿಗೆ ಈ ರಸ್ತೆ ಪರಿಚಯವಾದದ್ದು ಬೇರೆ ಕಾರಣಕ್ಕೆ. ಸಮೀಪದಲ್ಲೇ ಶಾಲ್ಮಲಾ ನದಿಯ ಬಂಡೆಗಳ ಮೇಲೆ ಸೋದೆ ಅರಸರ ಕಾಲದಲ್ಲಿ ಕೆತ್ತಿದ ಸಹಸ್ರಲಿಂಗಗಳಿವೆ. ಸೋಂದೆಯ ವಾದಿರಾಜ ಮಠಕ್ಕೆ, ಸ್ವರ್ಣವಲ್ಲಿ ಮಠಕ್ಕೆ ಹೋಗುವವರೂ ಇತ್ತ ಕಡೆ ಬರುತ್ತಾರೆ. ಬೇಸಿಗೆಯಲ್ಲಿ ಕಾರುಗಳ ಸಾಲು. ಮಳೆಗಾಲ ಹಿಡಿದು ನದಿ ತುಂಬಿ ಲಿಂಗಗಳು ಕೆನ್ನೀರಿನೊಳಗೆ ಮರೆಯಾದ ಮೇಲೆ ಪ್ರವಾಸಿಗರ ಸುಳಿವು ಕಡಿಮೆ. ಆಗಲೇ ಇಲ್ಲಿ ಇನ್ನೊಂದು ಬಗೆಯ ಪ್ರಯಾಣ ಶುರುವಾಗುತ್ತದೆ. ಅದಕ್ಕೆ ನೋಡುವ ಸ್ಥಳವೆಂದೇನೂ ಇಲ್ಲ. ಪಿಯುಸಿ ಮುಗಿಸಿದ ಮಕ್ಕಳು ಹಾಸ್ಟೆಲ್ಲಿಗೆ ಹೊರಡುವ ಕಾಲ ಅದು. ಆಷಾಢದ ಸುಮಾರಿಗೆ ಬಸ್ ನಿಲ್ದಾಣದಲ್ಲಿ ಬಕೆಟ್ಟಿನೊಳಗೆ ತಲೆದಿಂಬು ತುರುಕಿಕೊಂಡು, ಪ್ಲಾಸ್ಟಿಕ್ ಹಾಳೆ ಸುತ್ತಿದ ಗಂಟನ್ನು ಕಾಲ ಬಳಿ ಇಟ್ಟುಕೊಂಡು ನಿಂತ ಕುಟುಂಬ ಕಂಡರೆ ಯಾರೂ ಎಲ್ಲಿಗೆಂದು ಕೇಳುವುದಿಲ್ಲ. ‘ಹಾಸ್ಟೆಲ್ಲಿಗಾ?’ ಎಂದೇ ಕೇಳುತ್ತಾರೆ.

ಅಂಥ ಒಂದು ಮನೆ ಭೈರುಂಬೆಯ ಆಚೆಯ ಕೇರಿಯಲ್ಲಿದೆ. ಮನೆಯಲ್ಲಿ ಅಜ್ಜಿ, ಅಪ್ಪ, ಆಯಿ ಮತ್ತು ಒಬ್ಬಳೇ ಮಗಳು. ಹತ್ತನೆಯ ತರಗತಿಯವರೆಗೆ ಊರಿನಲ್ಲೇ ಓದಿ, ಆಮೇಲೆ ಎರಡು ವರ್ಷ ಬೆಳಗಿನ ಬಸ್ಸಿನಲ್ಲಿ ಶಿರಸಿಗೆ ಓಡಾಡಿದ ಹುಡುಗಿಗೆ ಧಾರವಾಡದ ಕಾಲೇಜೊಂದರಲ್ಲಿ ಬಿ.ಎಸ್ಸಿ.ಗೆ ಸೀಟು ಸಿಕ್ಕಿತು. ಹಾಸ್ಟೆಲ್ಲಿನಲ್ಲೂ ಜಾಗ ಸಿಕ್ಕಿತು. ಹೊರಡಲು ಇದ್ದದ್ದು ಹತ್ತೇ ದಿನ.

ಎರಡು ಪಟ್ಟಿ

ಹಾಸ್ಟೆಲ್ಲಿನಿಂದ ಒಂದು ಪಟ್ಟಿ ಮೊಬೈಲಿಗೆ ಬಂತು. ಹಾಸಿಗೆ, ಹೊದಿಕೆ, ಬಕೆಟ್ಟು, ಚೊಂಬು, ತಟ್ಟೆ, ಲೋಟ, ಎರಡು ಬೀಗ, ನಾಲ್ಕು ಭಾವಚಿತ್ರ, ಅಂಕಪಟ್ಟಿ ಮತ್ತು ಆಧಾರ್ ಪ್ರತಿಗಳು. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ, ವಿದ್ಯುತ್ ಒಲೆ, ಕೆಟಲ್, ನೀರು ಕಾಯಿಸುವ ಕಾಯಿಲ್ ತರಕೂಡದು ಎಂಬ ಸೂಚನೆ.

ಎರಡನೆಯ ಪಟ್ಟಿ ಅಜ್ಜಿಯದು. ಅದನ್ನು ಯಾರೂ ಬರೆದಿರಲಿಲ್ಲ. ಹತ್ತು ದಿನವೂ ಆಕೆ ನೆನಪಾದಾಗಲೆಲ್ಲ ಒಂದೊಂದು ಸಾಮಾನು ಹೇಳುತ್ತ ಹೋದರು. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಕಷಾಯದ ಪುಡಿ, ಜೋನಿ ಬೆಲ್ಲ, ಕೊಬ್ಬರಿ ಎಣ್ಣೆ, ಒಣಗಿಸಿದ ಲಕ್ಕಿ ಸೊಪ್ಪು, ಮುರುಗಲ ಸಿಪ್ಪೆ. ‘ತಂಗೀ, ಹೊದಿಕೆ ಒಂದು ಜಾಸ್ತಿ ಇರ್ಲೇ. ಅಲ್ಲಿ ಥಂಡಿ ಇರ್ತಡ.’ ಧಾರವಾಡವನ್ನು ಆಕೆ ನೋಡಿದ್ದು ಒಮ್ಮೆ ಮಾತ್ರ, ಅದೂ ಆಸ್ಪತ್ರೆಯ ಕಿಟಕಿಯಿಂದ.

ಮೂರನೆಯ ಲೆಕ್ಕವೊಂದು ಅಪ್ಪನ ತಲೆಯಲ್ಲಿತ್ತು. ಅಡಿಕೆ ಬೆಳೆಗಾರನ ಕೈಯಲ್ಲಿ ದುಡ್ಡು ಓಡಾಡುವುದು ಕೊಯ್ಲಾಗಿ ಅಡಿಕೆ ಒಣಗಿ ಮಾರಾಟವಾದ ಮೇಲೆ, ಬೇಸಿಗೆಯ ಹೊತ್ತಿಗೆ. ಕಾಲೇಜು ಶುರುವಾಗುವುದು ನಡು ಮಳೆಗಾಲದಲ್ಲಿ. ಆ ಹೊತ್ತಿಗೆ ಚೀಲ ಖಾಲಿಯಾಗಿ ಸಂಘದ ಖಾತೆಯಲ್ಲಿ ಸಾಲದ ಅಂಕಿ ಏರುತ್ತಿರುತ್ತದೆ. ಸಾಲದ್ದಕ್ಕೆ ಅದು ಕೊಳೆ ಔಷಧ ಹೊಡೆಸುವ ಕಾಲ. ಮಳೆ ಹಿಡಿಯುವ ಮೊದಲು ಒಂದು ಸಲ, ನಲವತ್ತು-ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ ಬೋರ್ಡೋ ದ್ರಾವಣ ಹೊಡೆಸದಿದ್ದರೆ ಎಳೆಗಾಯಿಗಳು ಕೊಳೆತು ಮರದ ಬುಡಕ್ಕೆ ಉದುರುತ್ತವೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಈ ಲೆಕ್ಕ ಮಲೆನಾಡಿನ ಮಕ್ಕಳಿಗೂ ಬಾಯಿಪಾಠ. ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ೧೯೧೦ರ ಸುಮಾರಿಗೆ ಕೊಳೆರೋಗದ ಮೂಲ ಗುರುತಿಸಿ ಈ ಔಷಧದ ದಾರಿ ತೋರಿದ ಮೇಲೆ ನೂರು ವರ್ಷಕ್ಕೂ ಮೀರಿ ಅಡಿಕೆ ತೋಟಗಳು ಇದನ್ನೇ ನಂಬಿವೆ.

ಹಿಂದಿನ ವರ್ಷ ಮಳೆ ಬಿಡುವು ಕೊಡದೆ ಎರಡನೆಯ ಸಿಂಪಡಣೆ ತಡವಾಗಿ, ಈ ಮನೆಯ ತೋಟದಲ್ಲಿ ಒಂದು ಪಾಲು ಬೆಳೆ ಉದುರಿತ್ತು. ಈ ವರ್ಷ ಹಾಗಾಗಲು ಬಿಡುವಂತಿರಲಿಲ್ಲ. ಪ್ರವೇಶದ ಶುಲ್ಕ ತುಂಬಿ, ಹಾಸ್ಟೆಲ್ಲಿನ ಮುಂಗಡ ಕಟ್ಟಿ ಉಳಿದ ಹಣದಲ್ಲಿ ಮೈಲುತುತ್ತವೂ ಬರಬೇಕು, ಮಗಳ ಸಾಮಾನೂ ಬರಬೇಕು. ಎರಡೂ ಪೂರ್ತಿ ಬರುವುದಿಲ್ಲವೆಂಬುದು ಅಪ್ಪನಿಗೆ ಗೊತ್ತಿತ್ತು. ಮಗಳಿಗೂ ಗೊತ್ತಿತ್ತು. ಬಾಯಿಬಿಟ್ಟು ಹೇಳಿದವರಿಲ್ಲ.

ಅಟ್ಟದ ಮೇಲಿನ ಟ್ರಂಕು

ಅಟ್ಟದ ಮೇಲೆ ಹಸಿರು ಬಣ್ಣದ ಒಂದು ಕಬ್ಬಿಣದ ಟ್ರಂಕಿತ್ತು. ಅಪ್ಪನ ಚಿಕ್ಕಪ್ಪ ಧಾರವಾಡಕ್ಕೆ ಓದಲು ಹೋದಾಗ ಒಯ್ದದ್ದು. ಅಜ್ಜಿ ಅದನ್ನು ಇಳಿಸಲು ಹೇಳಿದರು.

ಉತ್ತರ ಕನ್ನಡದ ಓದುವ ಮಕ್ಕಳಿಗೆ ಧಾರವಾಡದ ದಾರಿ ಹೊಸತಲ್ಲ. ೧೮೬೨ರಲ್ಲಿ ಈ ಜಿಲ್ಲೆ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ ಘಟ್ಟದ ಮೇಲಿನವರ ಮುಖ ಉತ್ತರಕ್ಕೆ ತಿರುಗಿತು. ೧೯೧೭ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾಯಿತು. ೧೯೪೯ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾಲಯ ಮರುವರ್ಷ ಮುಂಬಯಿಯಿಂದ ಧಾರವಾಡಕ್ಕೆ ಬಂತು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಎಷ್ಟೋ ಮನೆಗಳ ಮೊದಲ ಪದವೀಧರರು ಅಲ್ಲಿ ಓದಿದವರೇ. ಆಗ ಎಲ್ಲರಿಗೂ ಹಾಸ್ಟೆಲ್ ಸಿಗುತ್ತಿರಲಿಲ್ಲ. ಮೂವರೋ ನಾಲ್ವರೋ ಸೇರಿ ಒಂದು ಖೋಲಿ ಹಿಡಿದು, ಸೀಮೆಎಣ್ಣೆ ಸ್ಟೋವಿನ ಮೇಲೆ ಅನ್ನ ಬೇಯಿಸಿಕೊಂಡವರಿದ್ದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ವಾರಾನ್ನದಲ್ಲಿ ಓದು ಮುಗಿಸಿದವರಿದ್ದರು. ಅವರ ಜತೆ ಹೋಗುತ್ತಿದ್ದದ್ದು ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಅರ್ಧ ಚೀಲ ಅಕ್ಕಿ. ಒಮ್ಮೆ ಹೋದರೆ ದೊಡ್ಡ ರಜೆಗೇ ಮರಳುವುದಾದ್ದರಿಂದ ಆರು ತಿಂಗಳಿಗೆ ಬೇಕಾದದ್ದೆಲ್ಲ ಆ ಟ್ರಂಕಿನಲ್ಲೇ ಇರಬೇಕಿತ್ತು.

ಇಳಿಸಿದ ಟ್ರಂಕಿನ ಮುಚ್ಚಳ ತೆಗೆದರೆ ಒಳಗೆ ತುಕ್ಕಿನ ಪುಡಿ. ಮಲೆನಾಡಿನ ಮಳೆಗಾಲದ ಗಾಳಿಯಲ್ಲಿ ತೇವ ಯಾವಾಗಲೂ ತುಂಬಿರುತ್ತದೆ. ಬಣ್ಣ ಎದ್ದ ಕಡೆಯಲ್ಲೆಲ್ಲ ಕಬ್ಬಿಣ ಗಾಳಿಯ ಆಮ್ಲಜನಕದೊಡನೆ, ನೀರಿನೊಡನೆ ಸೇರಿ ತುಕ್ಕಾಗುತ್ತ ಹೋಗುತ್ತದೆ. ತಳ ಎರಡು ಕಡೆ ತೂತು ಬಿದ್ದಿತ್ತು. ಜತೆಗೆ ಬರಿಯ ಟ್ರಂಕಿನ ತೂಕವೇ ಒಬ್ಬಳು ಹುಡುಗಿ ಎತ್ತುವಂಥದಲ್ಲ. ಅಜ್ಜಿ ಮುಚ್ಚಳವನ್ನು ಒಮ್ಮೆ ಸವರಿ, ‘ಅಡ್ಡಿಲ್ಲೆ, ಇಲ್ಲೇ ಇರ್ಲಿ’ ಎಂದರು. ಟ್ರಂಕಿನ ಬದಲು ಅಪ್ಪ ಮದುವೆಯೊಂದಕ್ಕೆ ಕೊಂಡಿದ್ದ ಗಾಲಿಯ ಸೂಟ್‌ಕೇಸು ಆಯಿತು. ಟ್ರಂಕಿನ ಒಳಗಿದ್ದ ಒಂದು ವಸ್ತು ಮಾತ್ರ ಮಗಳ ಜತೆ ಹೊರಟಿತು. ನವಲಗುಂದದ ಹಳೆಯ ಜಮಖಾನ. ಧಾರವಾಡ ಜಿಲ್ಲೆಯಿಂದ ಬಂದದ್ದು ಮತ್ತೆ ಧಾರವಾಡಕ್ಕೇ ಹೊರಟಿತೆಂದು ಅಪ್ಪ ನಕ್ಕರು.

ಪೇಟೆಯಲ್ಲಿ ಒಂದು ದಿನ

ಪೇಟೆಗೆ ಹೋದದ್ದು ಮೂವರು. ಆಯಿ ಮತ್ತು ಮಗಳಿಗೆ ಶೂನ್ಯ ಟಿಕೆಟ್, ಅಪ್ಪನಿಗೆ ಮಾತ್ರ ದುಡ್ಡಿನ ಟಿಕೆಟ್. ೨೦೨೩ರ ಜೂನ್ ೧೧ರಂದು ಶಕ್ತಿ ಯೋಜನೆ ಬಂದಲ್ಲಿಂದ ಹಳ್ಳಿಯ ಹೆಂಗಸರು ಪೇಟೆಯ ಕೆಲಸಕ್ಕೆ ತಾವೇ ಹೊರಡುವುದು ಹೆಚ್ಚಾಗಿದೆ. ಮೊದಲಾದರೆ ಇಂಥ ಖರೀದಿಗೆ ಅಪ್ಪನೊಬ್ಬನೇ ಚೀಟಿ ಹಿಡಿದು ಹೋಗುತ್ತಿದ್ದ. ತಂದ ಬಕೆಟ್ಟಿನ ಬಣ್ಣ ಮಗಳಿಗೆ ಹಿಡಿಸಿತೋ ಇಲ್ಲವೋ ಕೇಳುವ ರೂಢಿ ಇರಲಿಲ್ಲ.

ಶಿರಸಿ ಸಾಮಾನು ಕೊಳ್ಳಲು ಅನುಕೂಲದ ಊರು. ಸಿ.ಪಿ. ಬಜಾರು, ನಟರಾಜ ರಸ್ತೆ, ದೇವಿಕೆರೆಯ ಸುತ್ತು, ಇಷ್ಟರಲ್ಲಿ ಬಟ್ಟೆ, ಪಾತ್ರೆ, ಪುಸ್ತಕ, ಕೊಡೆ ಎಲ್ಲವೂ ನಡೆದಾಡುವ ದೂರದಲ್ಲಿ ಸಿಗುತ್ತವೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಯಲ್ಲಿ ಪಾತ್ರೆ-ಪಗಡೆ ಕೊಳ್ಳುವ ರೂಢಿ ಸುತ್ತಲ ತಾಲ್ಲೂಕುಗಳ ಎಲ್ಲ ಮನೆಗಳಲ್ಲಿದೆ. ಅಡಿಕೆ ಬೆಳೆಗಾರರೇ ೧೯೨೩ರಲ್ಲಿ ಕಟ್ಟಿದ ತೋಟಗಾರ್ಸ್ ಸೇಲ್ ಸೊಸೈಟಿ ನೂರು ವರ್ಷ ದಾಟಿದೆ. ಅಲ್ಲಿ ಅಡಿಕೆ ಕೊಟ್ಟು, ಅದರದೇ ಸುಪರ್ ಮಾರ್ಕೆಟ್ಟಿನಲ್ಲಿ ಮನೆಸಾಮಾನು ತರುವವರು ಸಾಕಷ್ಟು ಜನ. ಈ ಪೇಟೆಯ ಅಂಗಡಿಕಾರರಿಗೆ ಯಾವ ಊರಿನ ಮಳೆ ಹೇಗಿದೆ, ಕೊಳೆ ಎಷ್ಟಿದೆ ಎಂಬುದೂ ಗೊತ್ತಿರುತ್ತದೆ.

ಮೊದಲು ಪ್ಲಾಸ್ಟಿಕ್ ಸಾಮಾನಿನ ಅಂಗಡಿ. ‘ಹಾಸ್ಟೆಲ್ಲಿಗಾ ಹೆಗಡೇರೆ?’ ಎಂದವನೇ ಅಂಗಡಿಯವನು ಬಕೆಟ್ಟು, ಚೊಂಬು, ಸೋಪಿನ ಡಬ್ಬಿ, ಬಟ್ಟೆ ಹಿಡಿಕೆ, ಹಗ್ಗ ಎಲ್ಲವನ್ನೂ ಒಂದು ಗುಂಪಾಗಿ ತಂದು ಮುಂದಿಟ್ಟ. ಜುಲೈ ತಿಂಗಳಿಡೀ ಅವನಿಗೆ ಇದೇ ಕೆಲಸ. ಮಗಳು, ‘ಆಯೀ, ಬಕೆಟ್ಟು ಅಲ್ಲೇ ಸಿಕ್ತು. ಇಲ್ಲಿಂದ ಎಂತಕ್ಕೆ ಹೊರದು?’ ಎಂದಳು. ಮಾತು ಸರಿಯೇ. ಧಾರವಾಡದ ಮಾರ್ಕೆಟ್ಟಿನಲ್ಲಿ ಸಿಗದ ಬಕೆಟ್ಟಿಲ್ಲ. ಆದರೆ ಬಕೆಟ್ಟು ಬರೀ ಬಕೆಟ್ಟಲ್ಲ, ಪ್ರಯಾಣದ ದಿನ ಅದೊಂದು ಪೆಟ್ಟಿಗೆ. ಚೊಂಬು, ತಟ್ಟೆ, ಲೋಟ, ಚಪ್ಪಲಿ, ಸೋಪು ಅದರೊಳಗೆ ಕೂರುತ್ತವೆ. ಇನ್ನೊಂದು ಕಾರಣವೂ ಉಂಟು. ಹುಬ್ಬಳ್ಳಿ-ಧಾರವಾಡದಲ್ಲಿ ನಲ್ಲಿಯ ನೀರು ದಿನಗಟ್ಟಲೆ ಬಿಟ್ಟು ಬರುವುದು ದಶಕಗಳ ಕಾಲ ಜನ ಅನುಭವಿಸಿದ ಕಷ್ಟ. ಬಾವಿಯಿಂದ ಬೇಕಾದಷ್ಟು ಸೇದಿಕೊಂಡ ಮಲೆನಾಡಿನ ಮಕ್ಕಳಿಗೆ ನೀರು ಹಿಡಿದಿಡುವ ಅಭ್ಯಾಸವಿಲ್ಲ. ಆದ್ದರಿಂದ ಮುಚ್ಚಳವಿರುವ ಬಕೆಟ್ಟೇ ಆಗಬೇಕು. ಮುಚ್ಚದೆ ಇಟ್ಟ ನೀರಿನಲ್ಲಿ ವಾರದೊಳಗೆ ಸೊಳ್ಳೆಯ ಮರಿ. ಎರಡು ಬೇಕೆಂದು ಆಯಿ, ಒಂದು ಸಾಕೆಂದು ಅಪ್ಪ. ಸದ್ಯಕ್ಕೆ ಒಂದು ಎಂದಾಯಿತು.

ಗಾದಿ ಅಂಗಡಿಯಲ್ಲಿ ಇನ್ನೊಂದು ಚರ್ಚೆ. ಅಲ್ಲಿದ್ದ ಹತ್ತಿಯ ಗಾದಿಗಳೆಲ್ಲ ಮೂರಡಿ ಅಗಲ. ಮಗಳು ಹಾಸ್ಟೆಲ್ಲಿಗೆ ಫೋನು ಮಾಡಿ ಕೇಳಿದಳು. ಅಲ್ಲಿನ ಮಂಚ ಎರಡೂವರೆ ಅಡಿ. ಅಳತೆ ಕೇಳದೆ ಗಾದಿ ಒಯ್ದವರು ಆರು ಅಂಗುಲವನ್ನು ಗೋಡೆಯ ಕಡೆ ಮಡಚಿ ಮೂರು ವರ್ಷ ಮಲಗುತ್ತಾರೆ. ಮಳೆಯಲ್ಲಿ ಬಸ್ಸಿನ ಮೇಲೆ ಹಾಕಿ ಒಯ್ದ ಹತ್ತಿ ಗಾದಿ ನೀರು ಕುಡಿದರೆ ಒಣಗಲು ವಾರ ಬೇಕು, ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ. ಗಾದಿ ಧಾರವಾಡದಲ್ಲೇ ಕೊಳ್ಳುವುದೆಂದು ಪಟ್ಟಿಯಿಂದ ಇಳಿಯಿತು.

ಆಯಿಗೆ ಕೆಟಲಿನ ಮೇಲೆ ಮನಸ್ಸು. ಮಳೆಗಾಲದ ಸಂಜೆ ಒಂದು ಲೋಟ ಕಷಾಯ ಕುಡಿಯದೆ ಮಗಳು ಇದ್ದದ್ದೇ ಇಲ್ಲ. ‘ಒಳಗೆ ಇಟ್ಕಂಡ್ರೆ ಯಾರಿಗೆ ಗೊತ್ತಾಗ್ತು?’ ಎಂದು ಕೇಳಿದರು. ಬೇಡವೆಂದವಳು ಮಗಳೇ. ೧,೫೦೦ ವ್ಯಾಟ್‌ನ ಕೆಟಲನ್ನು ೨೩೦ ವೋಲ್ಟಿಗೆ ಹಾಕಿದರೆ ಎಳೆಯುವ ವಿದ್ಯುತ್ತು ಆರೂವರೆ ಆಂಪಿಯರ್. ಹಾಸ್ಟೆಲ್ ಖೋಲಿಯ ಸಣ್ಣ ಪ್ಲಗ್ಗು ಆರು ಆಂಪಿಯರಿನದು. ಒಂದು ಖೋಲಿಯಲ್ಲಿ ಒಬ್ಬಳು ಹಾಕಿದರೆ ತಂತಿ ಬಿಸಿಯಾಗುತ್ತದೆ. ನಾಲ್ಕು ಖೋಲಿಯಲ್ಲಿ ನಾಲ್ವರು ಹಾಕಿದರೆ ಫ್ಯೂಸು ಹಾರಿ ಪರೀಕ್ಷೆಯ ಹಿಂದಿನ ರಾತ್ರಿ ಇಡೀ ಮಹಡಿ ಕತ್ತಲು. ಪಿಯುಸಿಯಲ್ಲಿ ಮಾಡಿದ ಲೆಕ್ಕವನ್ನು ಮಗಳು ಅಂಗಡಿಯ ಚೀಟಿಯ ಹಿಂದೆ ಗೀಚಿ ತೋರಿಸಿದಳು. ಅಂಗಡಿಯವನು ವ್ಯಾಪಾರ ತಪ್ಪಿದರೂ ನಗುತ್ತ ಉಕ್ಕಿನ ಥರ್ಮಾಸ್ ಫ್ಲಾಸ್ಕು ತೆಗೆದುಕೊಟ್ಟ. ಎರಡು ಗೋಡೆಗಳ ನಡುವೆ ಗಾಳಿ ತೆಗೆದಿರುವುದರಿಂದ ಬಿಸಿ ಹೊರಗೆ ಹೋಗಲು ದಾರಿ ಕಡಿಮೆ. ಅಡುಗೆಮನೆಯಿಂದ ಬಿಸಿನೀರು ಹಿಡಿದು ತಂದು ಒಂದು ಚಮಚ ಕಷಾಯದ ಪುಡಿ ಹಾಕಿಟ್ಟರೆ ಓದುವ ಹೊತ್ತಿಗೆ ಇಳಿದಿರುತ್ತದೆ.

ಕೊಡೆಯ ಅಂಗಡಿಯಲ್ಲಿ ಆಯಿ ಗೆದ್ದರು. ಮಗಳು ಮೂರು ಮಡಿಕೆಯ ಬಣ್ಣದ ಕೊಡೆ ಹಿಡಿದಿದ್ದಳು. ಆಯಿಗೆ ಉದ್ದ ಹಿಡಿಕೆಯ ಕರಿ ಕೊಡೆಯೇ ಆಗಬೇಕು. ಶಿರಸಿಯಲ್ಲಿ ವರ್ಷಕ್ಕೆ ಸುಮಾರು ೨,೫೦೦ ಮಿಲಿಮೀಟರ್ ಮಳೆ, ಧಾರವಾಡದಲ್ಲಿ ಸುಮಾರು ೮೦೦. ಅಲ್ಲಿಯದು ಹೆಚ್ಚಾಗಿ ಜಿಟಿಜಿಟಿ ಮಳೆ, ಬಯಲ ಗಾಳಿಯ ಮಳೆ. ಗಾಳಿಗೆ ಮೂರು ಮಡಿಕೆಯ ಕೊಡೆ ತಲೆಕೆಳಗಾಗುತ್ತದೆಂದು ಅಂಗಡಿಯವನೂ ಸಾಕ್ಷಿ ಹೇಳಿದ. ಮೇಜಿನ ದೀಪ, ಉಣ್ಣೆಯ ಸ್ವೆಟರು, ಓಡಾಡುವ ಬೂಟು ಇವುಗಳ ಬೆಲೆ ಕೇಳಿದ್ದಾಯಿತು, ಕೊಂಡದ್ದಾಗಲಿಲ್ಲ. ಎರಡು ಬೀಗ ಕೊಂಡರು. ಒಂದೊಂದಕ್ಕೂ ಮೂರು ಕೈ. ಒಂದೊಂದು ಕೈ ಮನೆಯಲ್ಲೇ ಇರಲೆಂದು ಅಪ್ಪ ಅಲ್ಲಿಯೇ ಬಿಚ್ಚಿ ಜೇಬಿಗೆ ಹಾಕಿಕೊಂಡರು. ನೂರು ಕಿಲೋಮೀಟರಿನಾಚೆಯ ಪೆಟ್ಟಿಗೆಯ ಕೈ ಭೈರುಂಬೆಯಲ್ಲಿದ್ದು ಮಾಡುವುದೇನೆಂದು ಮಗಳು ಕೇಳಲಿಲ್ಲ.

ಬಾಟಲಿ ಸಣ್ಣದಿರಲಿ

ಊಟ ಮುಗಿಸಿ ಸಂಘದ ಮಳಿಗೆಗೆ ಹೋದಾಗ ಮಾತಿಗೆ ಬಾರದೆ ಉಳಿದಿದ್ದ ಲೆಕ್ಕ ಹೊರಬಂತು. ಮೈಲುತುತ್ತದ ಚೀಲವನ್ನು ತೂಕಕ್ಕಿಡುವ ಮೊದಲು ಅಪ್ಪ ಜೇಬಿನಲ್ಲಿದ್ದ ನೋಟುಗಳನ್ನು ಎಣಿಸಿದರು. ಪಟ್ಟಿಯಲ್ಲಿ ಇನ್ನೂ ಏಳೆಂಟು ಸಾಮಾನು ಬಾಕಿ. ಮಗಳೆಂದಳು, ‘ಅಪ್ಪಾ, ಔಷಧ ಪೂರ್ತಿ ತಗ. ಸ್ವೆಟರು ಈಗ ಎಂತಕ್ಕೆ, ಚಳಿ ಬರದು ದೀಪಾವಳಿ ಮೇಲೆ.’ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಚೌತಿವರೆಗೆ ಎಷ್ಟು ಬೇಕೋ ಅಷ್ಟು ತಗಳನ. ಉಳಿದದ್ದು ಬಂದಾಗ ನೋಡನ’ ಎಂದರು.

ಪಟ್ಟಿಯ ಹಾಳೆಯ ನಡುವೆ ಮಗಳು ಒಂದು ಗೀಟು ಎಳೆದಳು. ಎಡಕ್ಕೆ ಕೊಂಡ ಸಾಮಾನು, ಬಲಕ್ಕೆ ‘ಚೌತಿಗೆ’ ಎಂಬ ತಲೆಬರಹ. ಅದರ ಕೆಳಗೆ ಸ್ವೆಟರು, ಬೂಟು, ದೀಪ, ಎರಡನೆಯ ಬಕೆಟ್ಟು.

ಕೈ ಬಿಗಿ ಹಿಡಿಯಬೇಕಾಗಿ ಬಂದು ಹುಟ್ಟಿದ ಈ ಗೀಟಿನಲ್ಲಿ ಬುದ್ಧಿವಂತಿಕೆಯೂ ಇತ್ತು. ಹಾಸ್ಟೆಲ್ಲಿಗೆ ಮೊದಲ ಸಲ ಹೋಗುವವರು ಒಯ್ಯುವ ಸಾಮಾನಿನಲ್ಲಿ ಎಷ್ಟೋ ವಸ್ತುಗಳು ವರ್ಷವಿಡೀ ಮಂಚದ ಕೆಳಗಿಂದ ಹೊರಗೆ ಬರುವುದಿಲ್ಲ. ಮೂವರು ಹಂಚಿಕೊಳ್ಳುವ ಖೋಲಿಯಲ್ಲಿ ಒಬ್ಬಳ ಪಾಲಿಗೆ ಒಂದು ಮಂಚ, ಅರ್ಧ ಕಪಾಟು, ಮೇಜಿನ ಒಂದು ಮೂಲೆ. ಏನು ಬೇಕು, ಏನು ಬೇಡ ಎಂಬುದು ತಿಂಗಳು ಇದ್ದು ನೋಡಿದ ಮೇಲೆಯೇ ಗೊತ್ತಾಗುವುದು. ಇಸ್ತ್ರಿ ಪೆಟ್ಟಿಗೆ ಒಬ್ಬಳಲ್ಲಿದ್ದರೆ ಮೂವರಿಗೂ ಸಾಕು. ಗಟ್ಟಿ ನೀರಿನ ಊರಾದರೆ ಸೋಪು ಬೇರೆ ಬೇಕಾಗುತ್ತದೆ. ಸುಣ್ಣ, ಮೆಗ್ನೀಸಿಯಂ ಲವಣಗಳು ಸೋಪಿನೊಡನೆ ಸೇರಿ ನೊರೆ ಬರಗೊಡದೆ ಬಿಳಿ ಗಸಿಯಾಗಿ ಉಳಿಯುತ್ತವೆ. ಇದೆಲ್ಲ ಪಟ್ಟಿ ಬರೆಯುವಾಗ ತಿಳಿಯುವ ಸಂಗತಿಯಲ್ಲ.

ಆದರೆ ಆಯಿಯ ಮುಖ ಸಣ್ಣದಾಗಿತ್ತು. ಅಂಗಡಿಯ ಸಾಮಾನು ಕಡಿಮೆಯಾದರೆ ಅವರಿಗೆ ಬೇಸರವಿಲ್ಲ. ಮನೆಯಿಂದ ಕಟ್ಟಿಕೊಡುವುದಾದರೂ ವರ್ಷಕ್ಕೆ ಸಾಕಾಗುವಷ್ಟಿರಲಿ ಎಂದು ಅವರ ಲೆಕ್ಕ. ಐದು ಕಿಲೋ ಹಿಡಿಯುವ ಉಪ್ಪಿನಕಾಯಿ ಡಬ್ಬಿಯೊಂದನ್ನು ಪಾತ್ರೆ ಅಂಗಡಿಯಲ್ಲಿ ಕೈಗೆತ್ತಿಕೊಂಡೇ ಬಿಟ್ಟಿದ್ದರು. ಅದು ಉಕ್ಕಿನದು. ಉಪ್ಪು, ಹುಳಿ ಎರಡೂ ಸೇರಿದ ಅಪ್ಪೆಮಿಡಿಯ ರಸ ಅಗ್ಗದ ಉಕ್ಕನ್ನು ತಿಂಗಳೊಪ್ಪತ್ತಿನಲ್ಲಿ ಕಚ್ಚುತ್ತದೆ. ಮನೆಯ ಭರಣಿ ಒಳ್ಳೆಯದು, ಆದರೆ ಬಸ್ಸಿಗೆ ಹೊಂದುವುದಿಲ್ಲ. ಗಾಜಿನ ಬಾಟಲಿಯೇ ಸರಿ, ಅದೂ ಸಣ್ಣದು. ದೊಡ್ಡ ಬಾಟಲಿಯನ್ನು ದಿನಕ್ಕೆರಡು ಸಲ ತೆರೆದರೆ ಪ್ರತಿ ಸಲವೂ ತೇವದ ಗಾಳಿ ಒಳಗೆ ಹೋಗುತ್ತದೆ. ಖೋಲಿಯ ಗೆಳತಿಯರ ಒದ್ದೆ ಚಮಚವೂ ಹೋಗುತ್ತದೆ. ಒಂದು ಕಡೆ ಬೂಷ್ಟು ಬಂದರೆ ಬಾಟಲಿಗೆ ಬಾಟಲಿಯೇ ಹಾಳು. ವರ್ಷಗಟ್ಟಲೆ ಮನೆಯ ಭರಣಿಗೆ ಒಣಗಿದ ಸೌಟನ್ನೇ ಹಾಕಿ, ಎಣ್ಣೆಬಟ್ಟೆ ಕಟ್ಟಿ ಕಾಪಾಡಿದ ಆಯಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಡಬ್ಬಿ ಕೆಳಗಿಟ್ಟು, ಕಾಲು ಕಿಲೋ ಹಿಡಿಯುವ ಎರಡು ಗಾಜಿನ ಬಾಟಲಿ ಆರಿಸಿದರು. ಮಗಳ ಕಡೆ ತಿರುಗಿ, ‘ಚೌತಿಗೆ ಬತ್ಯಲೇ. ಆಗ ಮತ್ತೆ ಕಟ್ಟಿಕೊಡ್ತಿ. ಬಾಟಲಿ ತಗಂಡೇ ಬಾ’ ಎಂದರು.

ಸಂಜೆಯ ಬಸ್ಸಿನಲ್ಲಿ ಮೈಲುತುತ್ತದ ಚೀಲ ಅಪ್ಪನ ಕಾಲ ಬಳಿ, ಬಕೆಟ್ಟು ಮಗಳ ತೊಡೆಯ ಮೇಲೆ. ಎರಡೂ ಒಂದಕ್ಕೊಂದು ತಾಗದಂತೆ ನಡುವೆ ಆಯಿ ಕುಳಿತರು.

ಹೊಳವಾದ ಬೆಳಿಗ್ಗೆ

ಕಟ್ಟುವ ಕೆಲಸ ಮೂರು ದಿನ ನಡೆಯಿತು. ಹಾಸ್ಟೆಲ್ಲಿನಲ್ಲಿ ಕರಿಯಲು ಒಲೆಯಿಲ್ಲದ್ದರಿಂದ ಹಲಸಿನ ಹಪ್ಪಳವನ್ನು ಮನೆಯಲ್ಲೇ ಕರಿದು, ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿದರು. ಬಿಸಿ ಇರುವಾಗ ಮುಚ್ಚಿದರೆ ಅದರದೇ ಹಬೆ ನೀರಾಗಿ ಇಳಿದು ಹಪ್ಪಳ ಮೆತ್ತಗಾಗುತ್ತದೆ. ಕೊಬ್ಬರಿ ಎಣ್ಣೆಗೆ ಅಗಲ ಬಾಯಿಯ ಬಾಟಲಿ. ೨೪ ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಅದು ಗಟ್ಟಿಯಾಗುವುದರಿಂದ ಕಿರುಬಾಯಿಯ ಬಾಟಲಿಯಿದ್ದರೆ ಧಾರವಾಡದ ಬೆಳಗಿನಲ್ಲಿ ಒಂದು ಹನಿಯೂ ಹೊರಬಾರದು; ಬಚ್ಚಲ ಒಲೆಯ ದಂಡೆಯ ಮೇಲೆ ಇಟ್ಟು ಕರಗಿಸಲು ಅಲ್ಲಿ ಬಚ್ಚಲ ಒಲೆ ಇರುವುದಿಲ್ಲ. ಬಟ್ಟೆಗಳ ನಡುವೆ ಲಕ್ಕಿ ಸೊಪ್ಪು. ಜೋನಿ ಬೆಲ್ಲ ಸೋರುವ ಭಯಕ್ಕೆ ಹಿಂದೆ ಉಳಿಯಿತು.

ಅಜ್ಜಿಯ ಹೆಚ್ಚಿನ ಹೊದಿಕೆ ಮಾತ್ರ ಹಟ ಬಿಡಲಿಲ್ಲ. ಅದೊಂದು ಕೌದಿ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹಳೆಯ ಬಟ್ಟೆಯ ತುಂಡುಗಳನ್ನು ಪದರ ಪದರವಾಗಿ ಇಟ್ಟು, ಸಾಲುಸಾಲಾಗಿ ಕೈಹೊಲಿಗೆ ಹಾಕಿ ಕೌದಿ ಮಾಡುವುದರಲ್ಲಿ ಹೆಸರಾದವರು. ಮನೆಯ ಹಳೆಯ ನೂಲಿನ ಸೀರೆಗಳನ್ನು ಕೊಟ್ಟು ಅಂಥದೊಂದನ್ನು ಅಜ್ಜಿ ಎಂದೋ ಹೊಲಿಸಿಟ್ಟಿದ್ದರು. ಪದರಗಳ ನಡುವೆ ಗಾಳಿ ನಿಲ್ಲುವುದರಿಂದ ಅದು ಬೆಚ್ಚಗೆ. ಹತ್ತಿಯಾದ್ದರಿಂದ ಒಗೆದರೆ ಒಣಗುತ್ತದೆ. ಮಡಚಿದರೆ ಸೂಟ್‌ಕೇಸಿನ ತಳಕ್ಕೆ ಸರಿಯಾಗಿ ಕೂರುತ್ತದೆ. ಖೋಲಿಯ ಉಳಿದ ಹುಡುಗಿಯರ ಮುಂದೆ ಹಳೆ ಸೀರೆಯ ಹೊದಿಕೆ ಹೇಗೆ ಹಾಸುವುದೆಂಬ ಅಳುಕು ಮಗಳಿಗಿತ್ತು. ಆದರೂ ಸ್ವೆಟರಿಲ್ಲದ ಪಟ್ಟಿಯಲ್ಲಿ ಕೌದಿಗೆ ಜಾಗ ತಾನಾಗಿ ಆಯಿತು.

ಹೊರಡುವ ದಿನದ ಹಿಂದಿನ ಸಂಜೆ ಕೊನೆಗೌಡನಿಂದ ಸುದ್ದಿ ಬಂತು. ಮಳೆ ಹೊಳವಾಗುವ ಲಕ್ಷಣವಿದೆ, ನಾಳೆಯೇ ಔಷಧ ಹೊಡೆಯುವುದೆಂದು. ಅಡಿಕೆ ಮರ ಏರುವ ಕೊನೆಗೌಡರು ಈಗ ಊರಿಗೆ ಬೆರಳೆಣಿಕೆಯಷ್ಟು. ಅವನು ಕೊಟ್ಟ ದಿನ ಬಿಟ್ಟರೆ ಮತ್ತೆ ಸರದಿ ಯಾವಾಗಲೋ, ಅಷ್ಟರಲ್ಲಿ ಮಳೆ ಹಿಡಿದರೆ ಹಿಂದಿನ ವರ್ಷದ ಕತೆಯೇ. ಅಪ್ಪ ಮಗಳನ್ನು ಬಿಡಲು ಧಾರವಾಡಕ್ಕೆ ಹೋಗುವಂತಿಲ್ಲವೆಂದು ಅಡುಗೆಮನೆಯಲ್ಲಿ ಮೂರು ಮಾತಿನಲ್ಲಿ ತೀರ್ಮಾನವಾಯಿತು. ಆಯಿ ಒಬ್ಬರೇ ಜತೆಗೆ ಹೋಗುವುದು. ಯಲ್ಲಾಪುರಕ್ಕೆ ಹೋಗಿ ಹುಬ್ಬಳ್ಳಿಯ ಬಸ್ಸು ಹಿಡಿಯುವುದು.

ಬೆಳಿಗ್ಗೆ ನಿಜವಾಗಿಯೂ ಹೊಳವಾಗಿತ್ತು. ತೋಟದ ಮೇಲೆ ಮಂಜು, ಆಕಾಶದ ಒಂದು ಕಡೆ ತಿಳಿ. ಅಜ್ಜಿ ಅಂಗಳದ ತುದಿಯವರೆಗೆ ಬಂದರು. ಅಪ್ಪ ಸೂಟ್‌ಕೇಸು ಹೊತ್ತು ರಸ್ತೆಯವರೆಗೆ ನಡೆದರು. ಬಸ್ಸು ಬಂದಾಗ ಸಾಮಾನು ಒಳಗಿಟ್ಟು ಇಳಿದು, ‘ಅಲ್ಲಿ ಮುಟ್ಟಿದ್ಮೇಲೆ ಫೋನ್ ಮಾಡು’ ಎಂದಷ್ಟೇ ಹೇಳಿದರು. ಯಲ್ಲಾಪುರ ದಾಟಿ ಕಿರವತ್ತಿಯ ಆಚೆ ಕಾಡು ತೆಳುವಾಗುತ್ತ ಹೋಗಿ ಕಲಘಟಗಿಯ ಹೊತ್ತಿಗೆ ಹೊಲಗಳು ಬಿಚ್ಚಿಕೊಳ್ಳುತ್ತವೆ. ಮಲೆನಾಡು ಮುಗಿಯಿತೆಂದು ಓದುವ ಮಕ್ಕಳಿಗೆ ಗೊತ್ತಾಗುವುದು ಅಲ್ಲಿ.

ಭೈರುಂಬೆಯ ಸುತ್ತಿನ ಕೇರಿಗಳಲ್ಲಿ ಹೀಗೆ ಹೋದವರ ಕೋಣೆಗಳು ಎಷ್ಟೋ ಮನೆಗಳಲ್ಲಿವೆ. ಹಾಸ್ಟೆಲ್ಲಿನಿಂದ ಬೆಂಗಳೂರಿಗೆ, ಅಲ್ಲಿಂದ ಇನ್ನೂ ಆಚೆಗೆ ಹೋದವರು ಹಬ್ಬಕ್ಕೆ ಬಂದು ಹೋಗುತ್ತಾರೆ. ತೋಟ ನೋಡಿಕೊಳ್ಳುವುದು ಯಾರೆಂಬ ಪ್ರಶ್ನೆಗೆ ಯಾರ ಹತ್ತಿರವೂ ಸುಲಭದ ಉತ್ತರವಿಲ್ಲ. ಓದಲು ಕಳಿಸಬಾರದೆಂದು ಹೇಳುವ ತಂದೆತಾಯಿಯೂ ಇಲ್ಲ. ಆರು ತಿಂಗಳ ಅಕ್ಕಿ ಕಟ್ಟಿಕೊಟ್ಟ ಕಾಲದಲ್ಲೂ ಈ ಪ್ರಶ್ನೆ ಇತ್ತು. ಈ ಮನೆಯವರು ಅದಕ್ಕೆ ಉತ್ತರ ಹುಡುಕಲು ಹೋಗಿಲ್ಲ. ಒಂದೂವರೆ ತಿಂಗಳಿಗೆ ಆಗುವಷ್ಟು ಕಟ್ಟಿ ಕಳಿಸಿದ್ದಾರೆ.

ಅಪ್ಪ ಮರಳಿ ಬರುವಾಗ ಕೊನೆಗೌಡ ಕಾಯುತ್ತಿದ್ದ. ಪ್ಲಾಸ್ಟಿಕ್ ಪೀಪಾಯಿಯಲ್ಲಿ ಮೈಲುತುತ್ತದ ನೀರು, ಸುಣ್ಣದ ತಿಳಿ ಕೂಡಿಸಿ ಕಲಕಿದರು. ದ್ರಾವಣ ಹದಕ್ಕೆ ಬಂದಿದೆಯೇ ಎಂದು ನೋಡಲು ಹೊಳೆಯುವ ಕತ್ತಿಯನ್ನು ಅದರಲ್ಲಿ ಅದ್ದಿ ತೆಗೆಯುವ ಹಳೆಯ ಕ್ರಮವಿದೆ. ಸುಣ್ಣ ಸಾಲದಿದ್ದರೆ ಉಳಿದ ತಾಮ್ರ ಕಬ್ಬಿಣದ ಮೇಲೆ ಕೆಂಪಗೆ ಕೂರುತ್ತದೆ. ಆಗ ಇನ್ನಷ್ಟು ಸುಣ್ಣ ಬೇಕು. ಎಂಟನೆಯ ತರಗತಿಯಿಂದ ಈಚೆಗೆ ಆ ಕೆಲಸ ಮಗಳದಾಗಿತ್ತು. ಕತ್ತಿ ಅದ್ದಿ, ಬೆಳಕಿಗೆ ಹಿಡಿದು, ‘ಇನ್ನೊಂಚೂರು ಸುಣ್ಣ’ ಎಂದೋ ‘ಆತು’ ಎಂದೋ ಹೇಳುವವಳು ಅವಳು. ಈ ಸಲ ಅಪ್ಪನೇ ಅದ್ದಿದರು. ಕನ್ನಡಕ ಮನೆಯಲ್ಲೇ ಉಳಿದಿತ್ತು. ಕತ್ತಿಯನ್ನು ಒಮ್ಮೆ ದೂರಕ್ಕೆ, ಒಮ್ಮೆ ಹತ್ತಿರಕ್ಕೆ ಹಿಡಿದು ನೋಡಿ ಕೊನೆಗೌಡನ ಕೈಗೆ ಕೊಟ್ಟರು. ಅವನು ನೋಡಿ ತಲೆಯಾಡಿಸಿದ. ಮೋಟಾರು ಶುರುವಾಯಿತು.

ಮಧ್ಯಾಹ್ನ ಒಳಗೆ ಬಂದಾಗ ಪಟ್ಟಿಯ ಹಾಳೆ ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದ್ದು ಕಂಡಿತು. ಮಗಳು ಹೊರಡುವ ಮೊದಲು ಸಿಕ್ಕಿಸಿದ್ದು. ಗೀಟಿನ ಬಲಕ್ಕೆ ‘ಚೌತಿಗೆ’ ಎಂಬ ಪಟ್ಟಿಯ ಕೊನೆಯಲ್ಲಿ ಅವಳ ಅಕ್ಷರದಲ್ಲಿ ಇನ್ನೊಂದು ಸಾಲು ಸೇರಿತ್ತು: ಅಪ್ಪನಿಗೆ ಹೊಸ ಕನ್ನಡಕ.